ಇಲ್ಲವೆಂಬ ಉತ್ತರದ ಬೆಲೆ

1956ನೆಯ ಇಸವಿಯ ನವೆಂಬರ್ 1ರವರೆಗೆ ಕೊಳ್ಳೇಗಾಲವು ಮದರಾಸು ಆಡಳಿತದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಅದರ ನೆರೆಯ ಯಳಂದೂರು ಮೈಸೂರು ರಾಜ್ಯದಲ್ಲಿದ್ದಿತು. ಯಳಂದೂರು ಸೀಮೆಯ ಅಗರದಿಂದ ಕೊಳ್ಳೇಗಾಲಕ್ಕೆ ಹೊರಟವನು ಕೆಲವು ಮೈಲಿಗಳಲ್ಲಿಯೇ ಬೇರೊಂದು ಸರ್ಕಾರದ ಎಲ್ಲೆಯನ್ನು ಸೇರುತ್ತಿದ್ದನು. ಜನರ ನುಡಿ ಒಂದೇ. ಆದರೆ ಅವರನ್ನಾಳುವ ಸರ್ಕಾರ ಬೇರೆ. ಗಣಕಯಂತ್ರಗಳ ಲೋಕದಲ್ಲಿಯೂ ಇಂತಹ ಗಡಿಗಳುಂಟು.

ಗಣಕಯಂತ್ರದಲ್ಲಿ ನಡೆಯುವ ಪ್ರತಿಯೊಂದು ಕಾರ್ಯಕ್ರಮಕ್ಕೂ ತನ್ನದೇ ಆದ ಸ್ಮೃತಿಯ ಭಾಗವಿರುತ್ತದೆ. ಒಂದರ ಸ್ಮೃತಿಯನ್ನು ಇನ್ನೊಂದು ಮನಬಂದಂತೆ ಓದುವಂತಿಲ್ಲ. ಓದುವಂತಿದ್ದರೆ ನಮ್ಮ ಗುಪ್ತಪದಗಳು ಕಳ್ಳರ ಪಾಲಾಗುತ್ತಿದ್ದವು. ಆದರೆ ದೋಷವನ್ನು ಹುಡುಕುವ ಕಾರ್ಯಕ್ರಮವು, ರೋಗಿಯ ನಾಡಿಯನ್ನು ಹಿಡಿಯುವ ವೈದ್ಯನಂತೆ, ಇನ್ನೊಂದರ ಸ್ಮೃತಿಯನ್ನು ನೋಡಲೇಬೇಕಾಗುತ್ತದೆ. ಅದಕ್ಕಾಗಿ ಲಿನಕ್ಸ್ ವ್ಯವಸ್ಥೆಯು 2012ರಲ್ಲಿ ಹೊರಬಂದ ತನ್ನ 3.2ನೆಯ ಆವೃತ್ತಿಯಲ್ಲಿ 'ಪ್ರೋಸೆಸ್ ವಿಎಂ ರೀಡ್‌ವಿ' ಎಂಬ ಕರೆಯನ್ನು ಒದಗಿಸಿತು. ಅನುಮತಿಯುಳ್ಳ ಕಾರ್ಯಕ್ರಮವು ಇದರ ಮೂಲಕ ಇನ್ನೊಂದರ ಸ್ಮೃತಿಯ ದೊಡ್ಡ ಭಾಗವನ್ನು ಒಮ್ಮೆಗೇ ನಕಲು ಮಾಡಿಕೊಳ್ಳಬಹುದು.

ಫ್ರೀಬಿಎಸ್‌ಡಿ ಎಂಬುದು ಲಿನಕ್ಸಿಗಿಂತ ಭಿನ್ನವಾದ ವ್ಯವಸ್ಥೆ. ಲಿನಕ್ಸಿಗಾಗಿ ಬರೆದ ಕಾರ್ಯಕ್ರಮಗಳೂ ತನ್ನಲ್ಲಿ ನಡೆಯಲೆಂದು ಅದು ಒಂದು ಹೊಂದಾಣಿಕೆಯ ಪದರವನ್ನು ಇಟ್ಟುಕೊಂಡಿದೆ. ಈ ಪದರವು ದುಭಾಷಿಯಂತೆ ಲಿನಕ್ಸಿನ ಕರೆಗಳನ್ನು ಫ್ರೀಬಿಎಸ್‌ಡಿಯ ಕರೆಗಳಾಗಿ ಮಾರ್ಪಡಿಸುತ್ತದೆ. ಆದರೆ ಬಹುಕಾಲ ಮೇಲೆ ಹೇಳಿದ ಕರೆಯ ಹೆಸರು ಮಾತ್ರ ಆ ಪದರದ ಪಟ್ಟಿಯಲ್ಲಿದ್ದಿತು. ಅದನ್ನು ನಡೆಸಿಕೊಡುವ ಏರ್ಪಾಡು ಇರಲಿಲ್ಲ. ಕರೆದವರಿಗೆ ದೊರೆಯುತ್ತಿದ್ದುದು 'ಈ ಕಾರ್ಯವಿಲ್ಲ' ಎಂಬ ಉತ್ತರ. ಲಿನಕ್ಸಿನಲ್ಲಿ ಈ ಉತ್ತರದ ಸಂಖ್ಯೆ 38.

ಈ ಉತ್ತರವು ನಿರಾಶಾದಾಯಕವೆಂದು ತೋರಬಹುದು. ಆದರೆ ಅದು ಸತ್ಯವಾದ ಉತ್ತರ. ಲಿನಕ್ಸಿನ ಕರೆಗಳನ್ನು ಗಮನಿಸುವ 'ಎಸ್‌ಟ್ರೇಸ್' ಎಂಬ ಕಾರ್ಯಕ್ರಮವು ಇಂತಹ ಉತ್ತರ ಬಂದೊಡನೆ 'ಪಿಟ್ರೇಸ್' ಎಂಬ ಹಳೆಯ ದಾರಿಯನ್ನು ಹಿಡಿಯುವಂತೆ ರಚಿತವಾಗಿದೆ. 64 ಬಿಟ್‌ಗಳ ಯಂತ್ರದಲ್ಲಿ ಆ ದಾರಿಯಿಂದ ಒಮ್ಮೆಗೆ 8 ಬೈಟುಗಳಷ್ಟನ್ನೇ ಓದಬಹುದು. 4096 ಬೈಟುಗಳ ಒಂದು ಪುಟವನ್ನು ಓದಲು 512 ಬಾರಿ ಕೇಳಬೇಕು. ಕೆಲಸ ನಿಧಾನವಾದರೂ ಕೈಗೂಡುತ್ತದೆ.

ಇದಕ್ಕೆ ಬದಲಾಗಿ ಆ ಪದರವು ಏನನ್ನೂ ಓದದೆ 'ಓದಿಯಾಯಿತು' ಎಂದು ಹೇಳಿದ್ದರೆ ಏನಾಗುತ್ತಿದ್ದಿತು? ದೋಷವನ್ನು ಹುಡುಕುವವನು ಇಲ್ಲದ ಅಂಕಿಗಳನ್ನು ನಂಬಿ ತಪ್ಪುದಾರಿಯನ್ನು ಹಿಡಿಯುತ್ತಿದ್ದನು. ಒಂದು ಪದದ ಅರ್ಥವನ್ನು ಅರಿಯದ ದುಭಾಷಿಯು ಅದನ್ನು ಒಪ್ಪಿಕೊಂಡರೆ ಕೇಳುವವನು ಬೇರೊಬ್ಬರನ್ನು ವಿಚಾರಿಸಬಲ್ಲನು. ಅವನು ಅರ್ಥವನ್ನು ಕಲ್ಪಿಸಿ ಹೇಳಿದರೆ ಆ ಅವಕಾಶವೂ ಉಳಿಯುವುದಿಲ್ಲ.