ವಿದ್ಯುತ್ ಗಿಟಾರು: ಬೆಲೆ ಮತ್ತು ಬಾಳಿಕೆ

ಹೊರನೋಟಕ್ಕೆ ಒಂದೇ ಬಗೆಯಾಗಿ ತೋರುವ ಎರಡು ವಿದ್ಯುತ್ ಗಿಟಾರುಗಳಲ್ಲಿ ಒಂದರ ಬೆಲೆ ಇನ್ನೊಂದರ ಹತ್ತು ಪಟ್ಟು ಇರುವುದುಂಟು. ಈ ಅಂತರಕ್ಕೆ ಕಾರಣವೇನು, ಅದರಲ್ಲಿ ಎಷ್ಟು ಭಾಗ ನ್ಯಾಯವಾದುದು ಎಂಬುದನ್ನು ಇಲ್ಲಿ ವಿವೇಚಿಸುವೆವು. ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಮಲೆಬೆನ್ನೂರಿನಂಥ ಊರಿನಲ್ಲಿ ಭದ್ರಾ ನಾಲೆಯ ನೀರಿನಿಂದ ಬೆಳೆದ ಭತ್ತದ ಹಣದಲ್ಲಿ ಒಂದು ಪಾಲನ್ನು ಮಗನ ಇಲ್ಲವೆ ಮಗಳ ವಾದ್ಯಕ್ಕಾಗಿ ತೆಗೆದಿರಿಸುವ ಮನೆಗೆ ಈ ವಿವೇಚನೆ ಅಗತ್ಯವಾದುದು. ಶ್ರುತಿ ನಿಲ್ಲದ ವಾದ್ಯವನ್ನು ಹಿಡಿದ ವಿದ್ಯಾರ್ಥಿ ದೋಷವನ್ನು ವಾದ್ಯದಲ್ಲಿ ಕಾಣದೆ ತನ್ನ ಕಿವಿಯಲ್ಲೇ ಕಂಡು ಸಂಗೀತವನ್ನು ತೊರೆಯುವ ಸಂಭವವೂ ಉಂಟು.

ವೀಣೆಯಲ್ಲಿ ತಂತಿಯ ಕಂಪನವು ಕುದುರೆಯ ಮೂಲಕ ಕೊಡಕ್ಕೆ ಹರಿದು ಅಲ್ಲಿ ನಾದವಾಗುತ್ತದೆ. ಗಟ್ಟಿ ಮರದ ವಿದ್ಯುತ್ ಗಿಟಾರಿನಲ್ಲಿ ಅಂಥ ಕೊಡವಿಲ್ಲ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಕೂದಲಿಗಿಂತ ದಪ್ಪವಲ್ಲದ ತಾಮ್ರದ ತಂತಿಯ ಸಾವಿರಾರು ಸುತ್ತುಗಳೂ ಇವೆ. ಮೇಲಣ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ವ್ಯತ್ಯಾಸಗೊಂಡು ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಇದು ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ತ್ವವೇ. ಇಂಥ ವಾದ್ಯಗಳು 1932ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದವು. ಗಟ್ಟಿ ಮರದ ಫೆಂಡರ್ ಗಿಟಾರು 1950ರಲ್ಲಿಯೂ ಗಿಬ್ಸನ್ ಸಂಸ್ಥೆಯ ಲೆಸ್ ಪಾಲ್ 1952ರಲ್ಲಿಯೂ ಹೊರಬಂದವು.

ಮೊದಲು ಮೆಟ್ಟಿಲುಗಳ ವಿಷಯವನ್ನು ನೋಡೋಣ. ವೀಣೆಯ 24 ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುವುದರಿಂದ ಸ್ಥಾನ ತಪ್ಪಿದರೆ ಮೇಣ ಕರಗಿಸಿ ಮತ್ತೆ ಕೂರಿಸಬಹುದು. ಗಿಟಾರಿನ ಮೆಟ್ಟಿಲುಗಳನ್ನಾದರೋ ಮರದ ಸೀಳಿನಲ್ಲಿ ಒತ್ತಿ ಸ್ಥಿರಪಡಿಸಿರುತ್ತಾರೆ. ಮೇರುವಿನಿಂದ ಕುದುರೆಯವರೆಗೆ ತಂತಿಯ ಉದ್ದ 648 ಮಿ.ಮೀ. ಇದ್ದರೆ ಮೊದಲ ಮೆಟ್ಟಿಲು ಮೇರುವಿನಿಂದ 36.4 ಮಿ.ಮೀ. ದೂರದಲ್ಲಿಯೂ ಹನ್ನೆರಡನೆಯದು ನಟ್ಟನಡುವೆ 324 ಮಿ.ಮೀ. ದೂರದಲ್ಲಿಯೂ ಇರಬೇಕು. ಅರ್ಧಸ್ವರದ ನೂರನೆಯ ಒಂದು ಭಾಗಕ್ಕೆ ಸೆಂಟ್ ಎಂದು ಹೆಸರು. ಮೊದಲ ಮೆಟ್ಟಿಲು ಅರ್ಧ ಮಿ.ಮೀ. ಸರಿದರೆ ಆಗುವ ದೋಷ ಸುಮಾರು 1.4 ಸೆಂಟ್, ಅಷ್ಟೇ ದೂರ 22ನೆಯ ಮೆಟ್ಟಿಲು ಸರಿದರೆ ಸುಮಾರು 4.8 ಸೆಂಟ್. ಇಂದು ಗಣಕನಿಯಂತ್ರಿತ ಯಂತ್ರಗಳು ಈ ಸೀಳುಗಳನ್ನು ಅಗ್ಗದ ವಾದ್ಯಗಳಲ್ಲಿಯೂ ಸರಿಯಾಗಿಯೇ ಕೊರೆಯಬಲ್ಲವು. ಬೆಲೆ ಏರುವುದು ಆ ಬಳಿಕದ ಕೈಕೆಲಸದಲ್ಲಿ: ಎಲ್ಲ ಮೆಟ್ಟಿಲುಗಳ ತಲೆಯನ್ನು ಒಂದೇ ಮಟ್ಟಕ್ಕೆ ತರುವುದು, ಅಂಚುಗಳನ್ನು ನಯಗೊಳಿಸುವುದು, ಮೇರುವಿನ ಕಚ್ಚುಗಳನ್ನು ತಕ್ಕ ಆಳಕ್ಕೆ ಕೊರೆಯುವುದು. ಕಚ್ಚು ಎತ್ತರವಾಗಿದ್ದರೆ ಬೆರಳೊತ್ತಿದಾಗ ತಂತಿ ಹೆಚ್ಚಾಗಿ ಎಳೆಯಲ್ಪಟ್ಟು ಶ್ರುತಿ ಏರುತ್ತದೆ. ಅಗ್ಗದ ವಾದ್ಯಗಳ ಅಪಸ್ವರಕ್ಕೆ ಬಹುಮಟ್ಟಿಗೆ ಇದೇ ಮೂಲ.

ಎರಡನೆಯದು ದಂಡಿ. ಆರು ತಂತಿಗಳ ಒಟ್ಟು ಸೆಳೆತ ಸಾಮಾನ್ಯವಾಗಿ 40ರಿಂದ 48 ಕಿಲೋಗ್ರಾಂ ತೂಕಕ್ಕೆ ಸಮ. ಇದನ್ನು ತಡೆಯಲು ದಂಡಿಯೊಳಗೆ ತಿರುಪಿನಿಂದ ಹೊಂದಿಸಬಹುದಾದ ಉಕ್ಕಿನ ಸಲಾಕೆಯಿರುತ್ತದೆ. ಆದರೆ ಹದವಾಗಿ ಒಣಗದ ಮರವನ್ನು ಯಾವ ಸಲಾಕೆಯೂ ಉಳಿಸಲಾರದು. ನಮ್ಮ ಸೀಮೆಯ ಬೇಸಗೆಯ ಒಣಹವೆಯಲ್ಲಿ ಮರ ಅಡ್ಡಕ್ಕೆ ಕುಗ್ಗಿ ಮೆಟ್ಟಿಲುಗಳ ತುದಿಗಳು ಹೊರಚಾಚಿ ಕೈಗೆ ತರಚುತ್ತವೆ; ಮಳೆಗಾಲದಲ್ಲಿ ಮರ ಹಿಗ್ಗುತ್ತದೆ. ಮರವನ್ನು ಆಯ್ದು, ಒಣಗಿಸಿ, ಕಾಯ್ದಿರಿಸಲು ತಗಲುವ ಕಾಲವೇ ಬೆಲೆಯ ಒಂದಂಶ.

ಈ ಮರದ ಮಾತಿನಲ್ಲಿ ನಮ್ಮ ನಾಡಿಗೂ ಪಾಲುಂಟು. ಗಿಟಾರಿನ ದಂಡಿಯ ಮೇಲಣ ಹಲಗೆಗೆ ಜಗತ್ತಿನಾದ್ಯಂತ ಬಳಸುವ ಮರಗಳಲ್ಲಿ ಬೀಟೆಗೆ ಪ್ರಮುಖ ಸ್ಥಾನವಿದೆ. ನಮ್ಮ ಪಶ್ಚಿಮ ಘಟ್ಟದ ಕಾಡುಗಳು ಅದರ ತವರು. ಬ್ರೆಜಿಲ್ ದೇಶದ ಬೀಟೆಯ ಅಂತರರಾಷ್ಟ್ರೀಯ ವ್ಯಾಪಾರ 1992ರಲ್ಲಿ ಬಹುಮಟ್ಟಿಗೆ ನಿಷಿದ್ಧವಾಯಿತು. 2017ರ ಆರಂಭದಲ್ಲಿ ಬೀಟೆಯ ಇಡೀ ಕುಲವೇ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಆದರೂ ಅಪರೂಪದ ಮರವೆಂಬ ಒಂದೇ ಕಾರಣಕ್ಕೆ ನಾದ ಉತ್ತಮವಾಗದು. ಗಟ್ಟಿ ಒಡಲಿನ ವಾದ್ಯದಲ್ಲಿ ಮರದ ಜಾತಿಗಿಂತ ಸುರುಳಿಯ ರಚನೆ, ಅದರ ಸ್ಥಾನ, ತಂತಿಯಿಂದ ಅದಕ್ಕಿರುವ ದೂರ, ಇವುಗಳ ಪ್ರಭಾವವೇ ಹಿರಿದು.

ಸುರುಳಿಯಲ್ಲಿಯೂ ಭೇದಗಳುಂಟು. ಒಂಟಿ ಸುರುಳಿಯು ನಮ್ಮ ಮನೆಗಳ 50 ಆವರ್ತದ ವಿದ್ಯುತ್ತಿನ ಗುಂಯ್ ಎಂಬ ಸದ್ದನ್ನೂ ಹಿಡಿಯುತ್ತದೆ. ವಿರುದ್ಧ ದಿಕ್ಕಿನಲ್ಲಿ ಸುತ್ತಿದ, ವಿರುದ್ಧ ಧ್ರುವಗಳುಳ್ಳ ಜೋಡಿ ಸುರುಳಿಯಲ್ಲಿ ಈ ಸದ್ದು ತನ್ನನ್ನು ತಾನೇ ಅಳಿಸಿಕೊಂಡು ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಗಿಬ್ಸನ್ ಸಂಸ್ಥೆಯ ಸೆತ್ ಲವರ್ 1955ರಲ್ಲಿ ಇಂಥ ರಚನೆಗೆ ಪೇಟೆಂಟ್ ಕೋರಿದರು. ಸುರುಳಿಯನ್ನು ಮುಂದೆ ಬದಲಾಯಿಸಿಕೊಳ್ಳಬಹುದು. ತಿರುಚಿದ ದಂಡಿಯನ್ನು ತಿದ್ದುವುದು ಸುಲಭವಲ್ಲ. ಆದ್ದರಿಂದ ಹಣ ಮಿತವಾಗಿದ್ದರೆ ಅದನ್ನು ದಂಡಿಗೂ ಮೆಟ್ಟಿಲುಗಳಿಗೂ ಸಲ್ಲಿಸುವುದೇ ವಿವೇಕ.

ಕೊಳ್ಳುವವರು ಮಾಡಬಹುದಾದ ಪರೀಕ್ಷೆಗಳು ಸರಳವಾದುವು. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿದಾಗ ಬರುವ ಸ್ವರವೂ ಅಲ್ಲಿಯೇ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದಾಗಿರಬೇಕು. ಕುದುರೆಯನ್ನು ಹೊಂದಿಸಿದ ಮೇಲೂ ಒಂದಾಗದಿದ್ದರೆ ಆ ವಾದ್ಯವನ್ನು ಬಿಡುವುದು ಲೇಸು. ಪ್ರತಿಯೊಂದು ತಂತಿಯನ್ನೂ ಪ್ರತಿಯೊಂದು ಮೆಟ್ಟಿಲಿನಲ್ಲಿಯೂ ನುಡಿಸಿ ಗರಗರ ಸದ್ದಿಲ್ಲವೆಂದು ತಿಳಿಯಬೇಕು. ತಂತಿಯನ್ನು ಬಲವಾಗಿ ಎಳೆದು ಬಿಟ್ಟ ಬಳಿಕ ಶ್ರುತಿ ಮೊದಲಿನಂತೆಯೇ ನಿಲ್ಲಬೇಕು; ನಿಲ್ಲದಿದ್ದರೆ ಬಿರಡೆಯಲ್ಲಿಯೋ ಮೇರುವಿನಲ್ಲಿಯೋ ದೋಷವಿದೆ.

ಹರಿಹರದಲ್ಲಿ 1941ರಲ್ಲಿ ಸ್ಥಾಪಿತವಾಗಿ ಹಲವು ದಶಕಗಳ ಕಾಲ ಲೇತ್ ಯಂತ್ರಗಳನ್ನು ನಿರ್ಮಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನು ಬಲ್ಲವರಿಗೆ ಈ ತತ್ತ್ವ ಹೊಸದಲ್ಲ. ಲೇತಿನ ಯೋಗ್ಯತೆಯನ್ನು ಅಳೆಯುವುದು ಎರಕದ ಕಬ್ಬಿಣದ ತೂಕದಿಂದಲ್ಲ, ಅದರ ಬೆಡ್ಡು ಎಷ್ಟು ನೇರವಾಗಿದೆ, ಎಷ್ಟು ವರ್ಷ ನೇರವಾಗಿಯೇ ಉಳಿಯುತ್ತದೆ ಎಂಬುದರಿಂದ. ಗಿಟಾರಿಗೂ ಇದೇ ಅಳತೆ. ನಿಖರತೆಗೂ ಅದರ ಬಾಳಿಕೆಗೂ ತೆತ್ತ ಹಣ ಸಾರ್ಥಕ. ಅದಕ್ಕೂ ಮಿಗಿಲಾಗಿ ತೆರುವುದು ಹೆಸರಿಗೆ, ಅಲಂಕಾರಕ್ಕೆ, ವಿರಳತೆಗೆ. ಅವು ಬೇಕೆಂಬವರು ಕೊಳ್ಳಲಿ. ಆದರೆ ನಿಖರತೆಯೇ ಇಲ್ಲದ ವಾದ್ಯ ಎಷ್ಟು ಕಡಮೆ ಬೆಲೆಗೆ ದೊರೆತರೂ ವಿದ್ಯಾರ್ಥಿಗೆ ಅದು ದುಬಾರಿಯೇ ಸರಿ.