ಸೈಕಲ್ಲಿನ ಮುಂದಿನ ಬ್ರೇಕ್ ಕಿತ್ತು ಬಂದರೆ



ಮುಂದಿನ ಫೋರ್ಕಿನಲ್ಲಿ ಬ್ರೇಕನ್ನು ಹಿಡಿದಿರುವ ಕಬ್ಬಿಣದ ಕಿವಿ ಮುರಿದಾಗ ನಾವೂ ಒಮ್ಮೆ ತಂತಿ ಸುತ್ತಿ ತೋಟದ ಇಳಿಜಾರಿಗೆ ಹೊರಟೆವು. ತಂತಿ ಜಾರಿತು, ಮೊಣಕಾಲಿನ ಕಲೆ ಇಂದಿಗೂ ಇದೆ. ಬ್ರೇಕು ಕಡ್ಡಿಗಳಿಗೆ ಸಿಕ್ಕಿದ್ದರೆ ತಲೆಯೇ ಒಡೆಯುತ್ತಿತ್ತು.

ಫೋರ್ಕಿನ ಕೊಳವೆ ತೆಳು. ಆರ್ಕ್ ವೆಲ್ಡಿಂಗಿನ ಶಾಖಕ್ಕೆ ತೂತಾಗಬಹುದು. ಗ್ಯಾಸಿನ ಹಿತ್ತಾಳೆ ಬೆಸುಗೆಯೇ ಲೇಸು. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಲ್ಸಿಯಸ್ ಬೇಕು. ಹಿತ್ತಾಳೆಗೆ 900ರ ಆಸುಪಾಸು ಸಾಕು. ಆದ್ದರಿಂದ ಕೊಳವೆ ಕರಗದೆ ಉಳಿಯುತ್ತದೆ.

ಬಣ್ಣ, ತುಕ್ಕುಗಳನ್ನು ಅರದಿಂದ ಉಜ್ಜಿ, ಬಿಳಿಗಾರ ಹಾಕಿ ಬೆಸೆಯಿಸಿ. ನೀರು ಹೊಯ್ಯದೆ ತಾನಾಗಿ ಆರಲು ಬಿಡಿ. ಬಿರುಕು ಕೊಳವೆಗೇ ಹಬ್ಬಿದ್ದರೆ ಬೆಸುಗೆ ಬೇಡ, ಫೋರ್ಕನ್ನೇ ಬದಲಾಯಿಸಿ. ಸಮತಟ್ಟು ನೆಲದಲ್ಲಿ ಸೈಕಲ್ ತಳ್ಳಿ, ಬ್ರೇಕನ್ನು ಬಲವಾಗಿ ಒತ್ತಿ ಪರೀಕ್ಷಿಸಿದ ಬಳಿಕವೇ ಇಳಿಜಾರಿಗೆ ಹೊರಡಿ.