ಪರದೇಶದ ಮನೆಯನ್ನು ಬಣ್ಣಿಸುವ ಬಗೆ

ಒಬ್ಬರು ಸೃಷ್ಟಿಸಿದ ಪಾತ್ರಗಳನ್ನು ಮತ್ತೊಬ್ಬರು ಕೈಗೆತ್ತಿಕೊಂಡು ಹೊಸ ಕಥೆ ಹೆಣೆಯುವುದು ನಮ್ಮ ನಾಡಿಗೆ ಹೊಸತಲ್ಲ. ವ್ಯಾಸರ ಅರ್ಜುನನನ್ನು ಪಂಪಕವಿಯು 10ನೆಯ ಶತಮಾನದಲ್ಲಿ ತನ್ನ ಒಡೆಯನಾದ ಅರಿಕೇಸರಿಯೊಡನೆ ಬೆರೆಸಿ ಕನ್ನಡದ ವೀರನನ್ನಾಗಿ ಮಾಡಿದನು. ಇಂದು ಇಂಗ್ಲಂಡ, ಅಮೇರಿಕ ಮೊದಲಾದ ದೇಶಗಳ ತರುಣರು ಜಪಾನಿನ ಚಿತ್ರಕಥೆಗಳನ್ನು ಮೆಚ್ಚಿ ಓದಿ, ಅವುಗಳ ಪಾತ್ರಗಳನ್ನೇ ಮುಂದಿಟ್ಟುಕೊಂಡು ತಮ್ಮ ಕಥೆಗಳನ್ನು ಬರೆಯುತ್ತಿರುವರು. ಅಭಿಮಾನದಿಂದ ಹುಟ್ಟಿದ ಈ ಕೆಲಸವನ್ನು ಹಳಿಯಲಾಗದು. ಆದರೆ ಅಭಿಮಾನವೊಂದೇ ಸಾಲದು. ಯಾರ ಮನೆಯನ್ನು ಬಣ್ಣಿಸುವೆವೋ ಆ ಮನೆಯವರು ಓದಿ, ‘ಅಹುದು, ಇದು ನಮ್ಮ ಮನೆಯೇ’ ಎಂದು ಒಪ್ಪುವಂತಿರಬೇಕು.

ಕೃಷ್ಣೆಯ ದಂಡೆಯ ಕುಡಚಿಯಲ್ಲಿ ಕುಳಿತವರಿಗೆ ಈ ಮಾತು ದೂರದ್ದೆಂದು ತೋರಬಹುದು. ಹಾಗಾದರೆ ನಮ್ಮ ಊರನ್ನು ಕಾಣದ ಪರದೇಶಸ್ಥನೊಬ್ಬನು ಕುಡಚಿಯ ಕಥೆ ಬರೆದನೆಂದು ಎಣಿಸೋಣ. ಆನೆ, ಅರಮನೆ, ಹಾವಾಡಿಗ ಇವರೆಲ್ಲ ತಪ್ಪದೆ ಬಂದಾರು; ಕಬ್ಬಿನ ಹೊಲವಾಗಲಿ, ಜೋಳದ ರೊಟ್ಟಿಯಾಗಲಿ, ಒಂದೇ ಓಣಿಯಲ್ಲಿ ಕೇಳಿಬರುವ ಕನ್ನಡ, ಮರಾಠಿ, ಉರ್ದು ಮಾತುಗಳಾಗಲಿ ಬಾರವು. ಸೊಸೆಯು ಮಾವನನ್ನು ಹೆಸರು ಹಿಡಿದು ಕರೆದಾಳು. ‘ಬರ್ರಿ’, ‘ಕೂಡ್ರಿ’ ಎಂಬಲ್ಲಿಯ ‘ರಿ’ಕಾರವು ಮಾಯವಾದೀತು. ಆ ಒಂದಕ್ಷರದಲ್ಲಿ ನಾವು ಎಷ್ಟು ಮರ್ಯಾದೆಯನ್ನು ತುಂಬಿರುವೆವೆಂಬುದು ಅವನಿಗೆ ಹೇಗೆ ತಿಳಿಯಬೇಕು? ಇಂಥ ಕಥೆಯನ್ನು ಓದಿ ನಮಗಾಗುವ ನೋವೇ ಜಪಾನಿನವರಿಗೂ ಆಗುವುದು.

ನಮ್ಮ ಪ್ರಾಂತಕ್ಕೆ ಇದು ಬರಿಯ ಕಲ್ಪನೆಯ ಮಾತೂ ಅಲ್ಲ. 1808ರಲ್ಲಿ ಲಿವರಪೂಲಿನಲ್ಲಿ ಹುಟ್ಟಿದ ಮೆಡೋಜ್ ಟೇಲರನು ಹುಡುಗತನದಲ್ಲಿಯೇ ಹಿಂದುಸ್ಥಾನಕ್ಕೆ ಬಂದು, ನಿಜಾಮನ ನೌಕರಿಯಲ್ಲಿ ಸೇರಿ, 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಉಸ್ತುವಾರಿ ವಹಿಸಿದ್ದನು. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದನು. 1863ರಲ್ಲಿ ಬೆಳಕು ಕಂಡ ‘ತಾರಾ’ ಕಾದಂಬರಿಯಲ್ಲಿಯೂ, ಅವನು ತೀರಿದ ಮೇಲೆ 1878ರಲ್ಲಿ ಹೊರಬಂದ, ಚಾಂದಬೀಬಿಯ ಕಥೆಯಾದ ‘ಎ ನೋಬಲ್ ಕ್ವೀನ್’ ಎಂಬುದರಲ್ಲಿಯೂ ವಿಜಾಪುರದ ಆದಿಲಶಾಹಿಯ ಕಾಲವೇ ಇರುವುದು. ಅಲ್ಲಿಯ ಕೋಟೆ, ಬಯಲು, ಊರುಗಳು ಕಣ್ಣಾರೆ ಕಂಡವನ ಬರವಣಿಗೆಯಾಗಿವೆ.

ಆದರೂ ಅದೇ ಟೇಲರನು 1839ರಲ್ಲಿ ಹೊರತಂದ, ಠಗನೊಬ್ಬನ ತಪ್ಪೊಪ್ಪಿಗೆಯ ರೂಪದ ಕಾದಂಬರಿಯು ಬೇರೆ ಪರಿಣಾಮವನ್ನು ಮಾಡಿತು. ಅದರಲ್ಲಿ ಕೊಲೆಗಡುಕನು ಇಂಗ್ಲಿಷ್ ಅಧಿಕಾರಿಯ ಮುಂದೆ ಕುಳಿತು ತನ್ನ ಕಥೆಯನ್ನು ಹೇಳುವನು. ಹಿಂದುಸ್ಥಾನದ ದಾರಿದಾರಿಗೂ ಉರುಲು ಕಾದಿರುವುದೆಂಬ ಭಾವನೆಯನ್ನು ಬಿಲಾಯತಿಯ ಓದುಗರಲ್ಲಿ ಬೇರೂರಿಸಿದ ಬರಹಗಳಲ್ಲಿ ಅದೂ ಒಂದು. ಆ ಚಿತ್ರವೆಷ್ಟು ನಿಜ, ಸರಕಾರದ ವಿಚಾರಣೆಯ ಕಾಗದಗಳಿಂದ ಬೆಳೆದು ಬಂದುದೆಷ್ಟು ಎಂದು ಇತಿಹಾಸಕಾರರು ಇನ್ನೂ ಚರ್ಚಿಸುತ್ತಿರುವರು. ನೆಲೆಸಿ ನೋಡಿದವನಿಗೂ ತಾನು ಕುಳಿತ ಕುರ್ಚಿಯಿಂದ ಕಾಣುವಷ್ಟೇ ಕಾಣುವುದೆಂಬ ಎಚ್ಚರಿಕೆಯನ್ನು ಇದರಿಂದ ಕಲಿಯಬೇಕು.

ಇನ್ನು ನೋಡದೆಯೇ ಬರೆದವರ ಮಾತು. 1885ರಲ್ಲಿ ಲಂಡನ್ನಿನಲ್ಲಿ ಗಿಲ್ಬರ್ಟ್ ಮತ್ತು ಸಲಿವನ್ ಎಂಬವರ ‘ಮಿಕಾಡೊ’ ಎಂಬ ಸಂಗೀತ ನಾಟಕವು ರಂಗವೇರಿತು. ವೇಷಭೂಷಣವೆಲ್ಲ ಜಪಾನಿನದು, ವಿನೋದವೆಲ್ಲ ಇಂಗ್ಲಂಡದ ಅಧಿಕಾರಿಗಳನ್ನು ಕುರಿತದ್ದು. ಅದರ ‘ಟಿಟಿಪು’ ಎಂಬ ಊರಾಗಲಿ, ‘ನ್ಯಾಂಕಿಪೂ’ ಎಂಬ ಹೆಸರಾಗಲಿ ಜಪಾನಿನಲ್ಲಿ ಎಲ್ಲಿಯೂ ಇಲ್ಲ. 1907ರಲ್ಲಿ ಜಪಾನಿನ ರಾಜಕುಮಾರ ಫುಶಿಮಿಯು ಲಂಡನ್ನಿಗೆ ಬರುವ ಸಮಯಕ್ಕೆ, ಅತಿಥಿಗೆ ಅವಮಾನವಾದೀತೆಂದು ಸರಕಾರವೇ ಆ ನಾಟಕವನ್ನು ಕೆಲವು ವಾರ ತಡೆಹಿಡಿಯಿತು. ಅನ್ಯರ ಬಟ್ಟೆಯನ್ನು ತೊಡಿಸಿ ತಮ್ಮ ಮಾತನ್ನೇ ಆಡಿಸುವ ಈ ರೂಢಿಯು ಇಂದಿನ ಅಭಿಮಾನಿಗಳ ಕಥೆಗಳಲ್ಲಿಯೂ ಪೂರ್ಣವಾಗಿ ಅಳಿದಿಲ್ಲ.

ತಪ್ಪುಗಳಾಗುವುದು ಬಹುತರವಾಗಿ ಚಿಕ್ಕ ಸಂಗತಿಗಳಲ್ಲಿ. ಜಪಾನಿನವರು ಮನೆತನದ ಹೆಸರನ್ನು ಮೊದಲು, ತಮ್ಮ ಹೆಸರನ್ನು ಆಮೇಲೆ ಹೇಳುವರು. ಹೆಸರಿನ ಮುಂದೆ ಮರ್ಯಾದೆಗೆ ‘ಸಾನ್’ ಎಂದೂ, ಮುದ್ದು ಮಕ್ಕಳಿಗೆ ‘ಚಾನ್’ ಎಂದೂ, ಗುರುಗಳಿಗೆ ‘ಸೆನ್ಸೇ’ ಎಂದೂ ಸೇರಿಸುವರು. ಇದನ್ನು ಬಿಟ್ಟು ಬರಿಯ ಹೆಸರಿನಿಂದ ಕರೆದರೆ ಬಹಳ ಸಲಿಗೆಯಾದರೂ ಇರಬೇಕು, ಇಲ್ಲವೆ ತಿರಸ್ಕಾರವಾದರೂ ಇರಬೇಕು. ಕಿಮೋನೋ ಉಡುವಾಗ ಎಡಸೆರಗು ಬಲಸೆರಗಿನ ಮೇಲೆ ಬರಬೇಕು; ತಿರುಗಿಸಿ ಉಡಿಸುವುದು ಹೆಣಕ್ಕೆ ಮಾತ್ರ. ಊಟದ ಕಡ್ಡಿಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಿಡುವುದು ಮೃತರಿಗೆ ಅನ್ನವಿಡುವ ಕ್ರಮ. ಇವನ್ನರಿಯದ ಲೇಖಕನು ಮದುವೆಯ ಮನೆಯಲ್ಲಿ ಸಾವಿನ ಗುರುತನ್ನು ಇಟ್ಟುಬಿಡುವನು. ಅಲ್ಲಿ ಶಾಲೆಯ ವರ್ಷವು ಏಪ್ರಿಲಿನಲ್ಲಿ ಆರಂಭವಾಗುವುದನ್ನು ಮರೆತರೆ ಕಥೆಯ ಋತುಮಾನವೇ ಕೆಡುವುದು.

ಪಾದರಕ್ಷೆಯನ್ನು ಹೊಸ್ತಿಲ ಬಳಿಯೇ ಬಿಟ್ಟು ಒಳಗೆ ಹೋಗುವುದೂ, ಬೋನ್ ಹಬ್ಬದಲ್ಲಿ ಪಿತೃಗಳು ಮನೆಗೆ ಬರುವರೆಂದು ನಂಬುವುದೂ ನಮ್ಮ ಗೃಹಸ್ಥರಿಗೆ ಕೂಡಲೇ ಅರ್ಥವಾಗುವುವು. ಆದರೆ ಬೋನ್ ಎಂದರೆ ನಮ್ಮ ಮಹಾಲಯವೇ ಎಂದು ಮುಗಿಸಿದರೆ ಅದೂ ತಪ್ಪೇ. ಸಾಮ್ಯವು ಬಾಗಿಲನ್ನು ತೆರೆಯುವುದು. ಒಳಗೆ ಹೋಗಿ ನೋಡುವ ಕೆಲಸವು ಉಳಿದೇ ಇರುವುದು.

ಹಾಗೆ ಒಳಗೆ ಹೋದವನು ಲಾಫ್ಕಾಡಿಯೋ ಹರ್ನ್. 1850ರಲ್ಲಿ ಗ್ರೀಸಿನ ದ್ವೀಪವೊಂದರಲ್ಲಿ ಹುಟ್ಟಿದ ಈತನು 1890ರಲ್ಲಿ ಜಪಾನಿಗೆ ಹೋಗಿ ಶಿಕ್ಷಕನಾಗಿ ನಿಂತು, ಸೆತ್ಸು ಎಂಬ ಸಾಮುರಾಯಿ ಮನೆತನದ ಹೆಣ್ಣುಮಗಳನ್ನು ವರಿಸಿ, ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ತಳೆದನು. ಅವನಿಗೆ ಜಪಾನೀ ಗ್ರಂಥಗಳನ್ನು ಸರಾಗವಾಗಿ ಓದಲು ಬಾರದು. ಸೆತ್ಸುವು ಹಳೆಯ ಕಥೆಗಳನ್ನು ಹುಡುಕಿ ತಂದು, ಮನೆಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಳು. 1904ರಲ್ಲಿ ಪ್ರಕಟವಾದ ‘ಕ್ವಾಯ್ದಾನ್’ ಎಂಬ ಕಥಾಸಂಗ್ರಹವು ಆಕೆಯ ಈ ನೆರವಿನ ಫಲ. ಹೊತ್ತಗೆಯ ಮೇಲೆ ಹೆಸರು ಅವನದು. ಕಥೆಯ ಉಸಿರು ಗೃಹಿಣಿಯದು. ಜಪಾನಿನವರು ಇಂದಿಗೂ ಅವನನ್ನು ತಮ್ಮವನೆಂದು ಓದುತ್ತಿರುವರು.

ನಮ್ಮ ಮನೆಯ ಮಕ್ಕಳು ಪರದೇಶದ ಕಥೆ ಬರೆಯಹೊರಟರೆ ತಡೆಯಬೇಕಾಗಿಲ್ಲ. ಬರೆದುದನ್ನು ಆ ದೇಶದವರೊಬ್ಬರಿಗೆ ಓದಲು ಕೊಡು, ಅವರು ತಿದ್ದಿದಲ್ಲಿ ವಾದಿಸದೆ ಕೇಳು ಎಂದು ಹೇಳಿದರೆ ಸಾಕು. ಪರದೇಶದಲ್ಲಿ ಬೆಳೆಯುವ ಜಪಾನೀ ಬಾಲಕನನ್ನಾಗಲಿ, ಕನ್ನಡದ ಬಾಲಕಿಯನ್ನಾಗಲಿ ಅಲ್ಲಿಯ ಸಹಪಾಠಿಗಳು ಮೊದಲು ಅರಿಯುವುದು ಬಹುಶಃ ಇಂಥ ಕಥೆಗಳಿಂದಲೇ. ಕಥೆಯಲ್ಲಿ ಹುಸಿಯಿದ್ದರೆ ಅದರ ಭಾರವನ್ನು ಹೊರುವವರು ಬರೆದವರಲ್ಲ, ಆ ಮಕ್ಕಳು.